ಅಳೆಯುವ ಉಪಕರಣವನ್ನು ಅಳೆದು ನೋಡಿದ್ದೀರಾ?
ಸಣ್ಣ ಕಾರ್ಖಾನೆ, ವರ್ಕ್‌ಶಾಪ್, ಲ್ಯಾಬ್‌ಗಳಿಗೆ ಕ್ಯಾಲಿಬ್ರೇಷನ್ ಕೈಪಿಡಿ

ಚೆನ್ನೈನ ಕೋಡಂಬಾಕ್ಕಂ, ಅದಕ್ಕೆ ಹೊಂದಿಕೊಂಡ ವಡಪಳನಿ, ಸಾಲಿಗ್ರಾಮಂ ಎಂದರೆ ಹಳೆಯ ಕನ್ನಡ ಪ್ರೇಕ್ಷಕರಿಗೆ ಸ್ಟುಡಿಯೋಗಳು ನೆನಪಾಗುತ್ತವೆ. ಐವತ್ತು, ಅರವತ್ತರ ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನಲ್ಲೇ ತಯಾರಾಗುತ್ತಿದ್ದವು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964) ಕೊಟ್ಟ ಬಿ.ಎಸ್. ರಂಗಾ ಸ್ವತಃ ಛಾಯಾಗ್ರಾಹಕರು. ಮದ್ರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದವರು. ಚಿತ್ರೀಕರಣ ಮುಗಿದ ಮೇಲೆ ಆ ರೀಲುಗಳ ಭವಿಷ್ಯ ಫಿಲ್ಮ್ ಲ್ಯಾಬ್‌ನ ಕೈಗೆ ಹೋಗುತ್ತಿತ್ತು. ನೂರಾರು ಜನ ದುಡಿದು ತೆಗೆದ ದೃಶ್ಯಗಳಿಗೆ ಇದ್ದದ್ದು ಒಂದೇ ಒಂದು ನೆಗೆಟಿವ್. ರಾಸಾಯನಿಕದ ತೊಟ್ಟಿಯಲ್ಲಿ ಅದು ಕೆಟ್ಟರೆ ಸರಿಪಡಿಸಲು ದಾರಿಯೇ ಇಲ್ಲ.

ಎಪ್ಪತ್ತರ ದಶಕದಲ್ಲಿ ಬಳಕೆಗೆ ಬಂದ ಈಸ್ಟ್‌ಮನ್ ಕಲರ್ ನೆಗೆಟಿವ್‌ನ ಇಸಿಎನ್-2 ಸಂಸ್ಕರಣೆಯನ್ನೇ ನೋಡಿ. ಡೆವಲಪರ್ ದ್ರಾವಣ 41.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೆಚ್ಚು-ಕಡಿಮೆ ಆಗಬಹುದಾದದ್ದು ಕೇವಲ 0.1 ಡಿಗ್ರಿ. ಫಿಲ್ಮ್ ಅದರಲ್ಲಿ ಮುಳುಗಿರಬೇಕಾದ ಸಮಯ 3 ನಿಮಿಷ. ಅಲ್ಲಿನ ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪು ತೋರಿಸುತ್ತಿದ್ದರೆ ಯಂತ್ರದ ಮುಂದೆ ನಿಂತವನಿಗೆ ಅದು ಗೊತ್ತಾಗುವುದಿಲ್ಲ. ಡಯಲ್ 41.1 ಎಂದೇ ಹೇಳುತ್ತಿರುತ್ತದೆ.

ಹೀಗಾಗಿ ಲ್ಯಾಬ್‌ಗಳು ಒಂದು ಶಿಸ್ತು ಇಟ್ಟುಕೊಂಡಿದ್ದವು. ನಿರ್ಮಾಪಕರ ನೆಗೆಟಿವ್ ಯಂತ್ರಕ್ಕೆ ಇಳಿಯುವ ಮುನ್ನ ‘ಕಂಟ್ರೋಲ್ ಸ್ಟ್ರಿಪ್’ ಎಂಬ ಸಣ್ಣ ಫಿಲ್ಮ್ ತುಂಡು ಇಳಿಯುತ್ತಿತ್ತು. ಅದರ ಮೇಲೆ ಮೊದಲೇ ನಿಖರವಾದ ಬೆಳಕಿನಿಂದ ಮೆಟ್ಟಿಲು ಮೆಟ್ಟಿಲಾಗಿ, ಸಾಮಾನ್ಯವಾಗಿ 21 ಹಂತಗಳಲ್ಲಿ, ಎಕ್ಸ್‌ಪೋಷರ್ ಕೊಟ್ಟಿರುತ್ತಿದ್ದರು. ಸಂಸ್ಕರಣೆಯಾಗಿ ಹೊರಬಂದ ಆ ಪಟ್ಟಿಯನ್ನು ಡೆನ್ಸಿಟೋಮೀಟರ್‌ನಲ್ಲಿ ಇಟ್ಟು ಕೆಂಪು, ಹಸಿರು, ನೀಲಿ ಮೂರು ಬಣ್ಣಗಳ ಸಾಂದ್ರತೆ ಓದಿ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದರು. ಚುಕ್ಕೆ ಮಿತಿಯ ಗೆರೆಗಳ ಒಳಗಿದ್ದರೆ ಕೆಲಸ ಶುರು. ಹೊರಗೆ ಹೋದರೆ ಕಾರಣ ಸಿಗುವವರೆಗೆ ಯಂತ್ರಕ್ಕೆ ಬಿಡುವು. ಆ ಡೆನ್ಸಿಟೋಮೀಟರ್ ಸರಿ ಇದೆಯೇ ಎಂದು ನೋಡುವುದಕ್ಕೂ ಗೊತ್ತಾದ ಸಾಂದ್ರತೆಯ ಒಂದು ಫಲಕವಿತ್ತು. ಅಂದರೆ ನೆಗೆಟಿವ್‌ಗೆ ಸ್ಟ್ರಿಪ್ ಕಾವಲು, ಸ್ಟ್ರಿಪ್‌ಗೆ ಡೆನ್ಸಿಟೋಮೀಟರ್, ಡೆನ್ಸಿಟೋಮೀಟರಿಗೆ ಫಲಕ.

ಕ್ಯಾಲಿಬ್ರೇಷನ್ ಎಂಬ ವಿಷಯದ ಸಾರವೆಲ್ಲ ಈ ಕಾವಲಿನ ಸಾಲಿನಲ್ಲಿದೆ. ಗಿಂಡಿಯ ಟರ್ನಿಂಗ್ ಶಾಪ್ ಇರಲಿ, ಪೀಣ್ಯದ ಬಿಡಿಭಾಗಗಳ ಘಟಕ ಇರಲಿ, ಹುಬ್ಬಳ್ಳಿಯ ಆಹಾರ ಸಂಸ್ಕರಣಾ ಘಟಕ ಇರಲಿ, ಪಾಠ ಒಂದೇ: ನಷ್ಟ ಆದ ಮೇಲೆ ಮಾಪಕವನ್ನು ಅನುಮಾನಿಸುವುದಕ್ಕಿಂತ ಕೆಲಸಕ್ಕೆ ಮುನ್ನ ಅದನ್ನು ಪರೀಕ್ಷಿಸುವುದು ಅಗ್ಗ. ವರ್ಷಕ್ಕೊಮ್ಮೆ ಬರುವ ಸರ್ಟಿಫಿಕೇಟ್ ಫೈಲಿಗೆ ಸೇರಿದರೆ ಆಡಿಟರ್‌ಗೆ ಸಮಾಧಾನ. ಅದನ್ನು ಓದಿ, ನಡುನಡುವೆ ತಾವೇ ಪರೀಕ್ಷಿಸುತ್ತಿದ್ದರೆ ಮಾತ್ರ ಮಾಲಿಗೆ ರಕ್ಷಣೆ.

ಕ್ಯಾಲಿಬ್ರೇಷನ್ ಎಂದರೇನು?

ನಮ್ಮ ಉಪಕರಣ ತೋರಿಸುವ ಬೆಲೆಯನ್ನು, ಹೆಚ್ಚು ನಿಖರವೆಂದು ಸ್ಥಾಪಿತವಾದ ಮಾನಕವೊಂದರ ಬೆಲೆಯೊಂದಿಗೆ ಹೋಲಿಸಿ, ವ್ಯತ್ಯಾಸ ಎಷ್ಟು, ಆ ವ್ಯತ್ಯಾಸದ ಬಗ್ಗೆ ಎಷ್ಟು ಖಚಿತವಾಗಿ ಹೇಳಬಹುದು ಎಂದು ದಾಖಲಿಸುವುದು ಕ್ಯಾಲಿಬ್ರೇಷನ್. ಅಷ್ಟೇ. ತಪ್ಪಿದ ಸೊನ್ನೆಯನ್ನು ತಿರುಗಿಸಿ ಸರಿಮಾಡುವುದು ‘ಅಡ್ಜಸ್ಟ್‌ಮೆಂಟ್’. ಅದು ಬೇರೆ ಕೆಲಸ. ಬಹಳಷ್ಟು ವರ್ಕ್‌ಶಾಪ್‌ಗಳಲ್ಲಿ ಇವೆರಡನ್ನೂ ಒಂದೇ ಎಂದು ತಿಳಿದಿರುತ್ತಾರೆ. ಪರಿಣಾಮ: ಉಪಕರಣ ಲ್ಯಾಬ್‌ಗೆ ಹೋಗುತ್ತದೆ, ಅವರು ಮೊದಲು ಸರಿಮಾಡಿ ಆಮೇಲೆ ಅಳೆದು ‘ಎಲ್ಲ ಸರಿ’ ಎಂಬ ಸರ್ಟಿಫಿಕೇಟ್ ಕೊಡುತ್ತಾರೆ. ಕಳೆದ ವರ್ಷವೆಲ್ಲ ಅದು ಎಷ್ಟು ತಪ್ಪು ಅಳೆದಿತ್ತು ಎಂಬ ಮಾಹಿತಿ ಅಲ್ಲಿಗೆ ಅಳಿಸಿಹೋಯಿತು.

ಆದ್ದರಿಂದ ಉಪಕರಣ ಕಳಿಸುವಾಗ ಚಲನ್ ಜೊತೆ ಒಂದು ಸಾಲು ಬರೆದು ಕಳಿಸಿ: ‘ಬಂದ ಸ್ಥಿತಿಯಲ್ಲೇ ಮೊದಲು ರೀಡಿಂಗ್ ತೆಗೆದು ದಾಖಲಿಸಿ, ಅಡ್ಜಸ್ಟ್ ಮಾಡಿದರೆ ಆಮೇಲಿನ ರೀಡಿಂಗ್ ಪ್ರತ್ಯೇಕವಾಗಿ ಕೊಡಿ.’ ಈ ಒಂದು ಸಾಲು ಬರೆಯಲು ಖರ್ಚಿಲ್ಲ. ಅದರಿಂದ ಸಿಗುವ ಮಾಹಿತಿಗೆ ಬೆಲೆ ಕಟ್ಟಲಾಗದು.

ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ಹಾಕುವ ಮುದ್ರೆಯೂ ಇದಲ್ಲ. ಅದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿ ವ್ಯಾಪಾರದ ತೂಕ-ಅಳತೆಗೆ ಕಡ್ಡಾಯವಾದ ಸತ್ಯಾಪನೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಆಗಬೇಕು. ಗ್ರಾಹಕರಿಗೆ ತೂಗಿ ಮಾರುವ ತಕ್ಕಡಿಗೆ ಮುದ್ರೆ ಬೇಕೇ ಬೇಕು. ಅದೇ ಕಾರ್ಖಾನೆಯ ಒಳಗೆ ಮಿಶ್ರಣದ ಪ್ರಮಾಣ ತೂಗುವ ತಕ್ಕಡಿಗೆ ನಿಮಗೆ ಬೇಕಾದದ್ದು ದೋಷ ಮತ್ತು ಅನಿಶ್ಚಿತತೆಯ ಅಂಕಿಗಳಿರುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್. ಮುದ್ರೆ ಇದೆ ಎಂದು ಇದನ್ನು ಬಿಡುವ ಹಾಗಿಲ್ಲ, ಇದು ಇದೆ ಎಂದು ಮುದ್ರೆಯನ್ನು ಬಿಡುವ ಹಾಗೂ ಇಲ್ಲ.

ಕಡಿಯದ ಸರಪಳಿ

ನಿಮ್ಮ ಮೈಕ್ರೋಮೀಟರನ್ನು ಪರೀಕ್ಷಿಸಿದ ಸ್ಲಿಪ್ ಗೇಜನ್ನು ಪರೀಕ್ಷಿಸಿದವರು ಯಾರು? ಅವರ ಮಾನಕವನ್ನು ಪರೀಕ್ಷಿಸಿದವರು ಯಾರು? ಹೀಗೆ ಕೇಳುತ್ತಾ ಹೋದರೆ ಕೊನೆಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ (ಎನ್‌ಪಿಎಲ್) ಅಥವಾ ಅಂಥದ್ದೇ ಇನ್ನೊಂದು ದೇಶದ ಮಾನಕ ಸಂಸ್ಥೆಗೆ ತಲುಪಬೇಕು. ಇದಕ್ಕೆ ‘ಟ್ರೇಸೆಬಿಲಿಟಿ’ ಎನ್ನುತ್ತಾರೆ. ನಡುವೆ ಒಂದು ಕೊಂಡಿ ಕಳಚಿದ್ದರೂ ಮೇಲಿನ ಹೆಸರುಗಳಿಗೆ ಅರ್ಥವಿಲ್ಲ.

ಭಾರತದ ಕಿಲೋಗ್ರಾಂ ಮಾದರಿಯಾದ 57ನೇ ಸಂಖ್ಯೆಯ ಪ್ಲಾಟಿನಂ-ಇರಿಡಿಯಂ ಬಟ್ಟು ಎನ್‌ಪಿಎಲ್‌ನಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಬದಲಾಯಿತು. ವರ್ಕ್‌ಶಾಪ್‌ನ ತಕ್ಕಡಿಗೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಸರಪಳಿಯ ತುದಿ ಮಾತ್ರ ಸವೆಯದ, ಕಳೆದುಹೋಗದ ಜಾಗಕ್ಕೆ ಸೇರಿತು.

ಮೊದಲ ಕೆಲಸ: ಪಟ್ಟಿ

ನಿಮ್ಮಲ್ಲಿರುವ ಎಲ್ಲ ಅಳತೆ ಸಾಧನಗಳನ್ನೂ ಮೇಜಿನ ಮೇಲೆ ಹರವಿ ಒಂದು ರಿಜಿಸ್ಟರ್ ಮಾಡಿ. ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಕೆತ್ತಿಸಿ. ರಿಜಿಸ್ಟರ್‌ನಲ್ಲಿ ಇಷ್ಟು ಕಾಲಂ ಸಾಕು: ಹೆಸರು, ತಯಾರಕರು, ಅಳತೆಯ ವ್ಯಾಪ್ತಿ, ಲೀಸ್ಟ್ ಕೌಂಟ್, ಯಾವ ಜಾಬ್‌ಗೆ ಬಳಕೆ, ಆ ಜಾಬ್‌ನ ಟಾಲರೆನ್ಸ್ ಎಷ್ಟು, ಕೊನೆಯ ಕ್ಯಾಲಿಬ್ರೇಷನ್ ದಿನಾಂಕ, ಮುಂದಿನದ್ದು.

ಟಾಲರೆನ್ಸ್‌ನ ಕಾಲಂ ಬಹಳ ಮುಖ್ಯ. ಹಳೆಯ ಹೆಬ್ಬೆರಳಿನ ನಿಯಮ ಒಂದಿದೆ: ಅಳೆಯುವ ಸಾಧನ, ಅಳೆಯಬೇಕಾದ ಟಾಲರೆನ್ಸ್‌ಗಿಂತ ಕನಿಷ್ಠ ನಾಲ್ಕು ಪಟ್ಟು ನಿಖರವಾಗಿರಬೇಕು. ಶಾಫ್ಟ್‌ನ ಟಾಲರೆನ್ಸ್ ±0.01 ಮಿ.ಮೀ. ಇದ್ದು, ನೀವು 0.02 ಮಿ.ಮೀ. ಲೀಸ್ಟ್ ಕೌಂಟಿನ ವರ್ನಿಯರ್ ಹಿಡಿದಿದ್ದರೆ ಅದನ್ನು ಎಷ್ಟೇ ಕ್ಯಾಲಿಬ್ರೇಟ್ ಮಾಡಿಸಿದರೂ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ಮೈಕ್ರೋಮೀಟರ್. ಇನ್ನೊಂದು ಕಡೆ, ಕಂಪ್ರೆಸರ್ ಓಡುತ್ತಿದೆಯೋ ಇಲ್ಲವೋ ಎಂದು ನೋಡಲಷ್ಟೇ ಇರುವ ಗೇಜ್‌ಗೆ ವರ್ಷವರ್ಷ ಹಣ ಸುರಿಯಬೇಕಿಲ್ಲ. ಅದರ ಮೇಲೆ ‘ಸೂಚನೆಗೆ ಮಾತ್ರ’ ಎಂದು ಸ್ಟಿಕ್ಕರ್ ಹಚ್ಚಿ. ಉತ್ಪನ್ನದ ಗುಣಮಟ್ಟ, ಕೆಲಸಗಾರರ ಸುರಕ್ಷತೆ, ಬಿಲ್ಲಿನ ಮೊತ್ತ ಈ ಮೂರರಲ್ಲಿ ಒಂದನ್ನಾದರೂ ನಿರ್ಧರಿಸುವ ಉಪಕರಣಕ್ಕೆ ಮಾತ್ರ ಕ್ಯಾಲಿಬ್ರೇಷನ್ ಕಡ್ಡಾಯ ಮಾಡಿಕೊಳ್ಳಿ.

ಮೈಕ್ರೋಮೀಟರ್: ಸೊನ್ನೆ ನೋಡಿದರೆ ಸಾಲದು

ಬೆಳಿಗ್ಗೆ ಎರಡೂ ಮುಖ ಒರೆಸಿ, ರ‍್ಯಾಚೆಟ್ ತಿರುಗಿಸಿ, ಸೊನ್ನೆ ಕೂತಿತೆಂದು ಕೆಲಸಕ್ಕೆ ಇಳಿಯುವವರೇ ಹೆಚ್ಚು. ಸೊನ್ನೆ ಸರಿ ಇದ್ದೂ 12 ಮಿ.ಮೀ.ನಲ್ಲಿ ತಪ್ಪಬಹುದು. ದಿನವೂ ಒಂದೇ ಅಳತೆಯ ಜಾಬ್ ಮಾಡುವ ಕಡೆ ಸ್ಕ್ರೂ ಎಳೆ ಅದೇ ಜಾಗದಲ್ಲಿ ಸವೆಯುತ್ತದೆ.

0-25 ಮಿ.ಮೀ. ಮೈಕ್ರೋಮೀಟರನ್ನು ಪರೀಕ್ಷಿಸುವಾಗ ಲ್ಯಾಬ್‌ಗಳು ಬಳಸುವ ಸ್ಲಿಪ್ ಗೇಜ್‌ಗಳ ಅಳತೆ ನೋಡಿ: 2.5, 5.1, 7.7, 10.3, 12.9, 15.0, 17.6, 20.2, 22.8, 25.0 ಮಿ.ಮೀ. ಐದು, ಹತ್ತು, ಹದಿನೈದು ಎಂದು ಸರಳವಾಗಿ ಏಕಿಲ್ಲ? ಸ್ಪಿಂಡಲ್ ಒಂದು ಸುತ್ತಿಗೆ ಅರ್ಧ ಮಿ.ಮೀ. ಚಲಿಸುತ್ತದೆ. ಪೂರ್ಣಾಂಕಗಳಲ್ಲೇ ಪರೀಕ್ಷಿಸಿದರೆ ಪ್ರತಿ ಸಲವೂ ಥಿಂಬಲ್ ಒಂದೇ ಕೋನದಲ್ಲಿ, ಸೊನ್ನೆಯ ಗೆರೆಯಲ್ಲೇ ನಿಲ್ಲುತ್ತದೆ. ಸುತ್ತಿನ ಉಳಿದ ಭಾಗದ ದೋಷ ಕಣ್ಣಿಗೇ ಬೀಳುವುದಿಲ್ಲ. ಈ ವಿಚಿತ್ರ ಅಳತೆಗಳು ಥಿಂಬಲನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ ಎಳೆಯ ಪೂರ್ತಿ ಸುತ್ತನ್ನು ಪರೀಕ್ಷೆಗೆ ಒಡ್ಡುತ್ತವೆ.

ನಿಮ್ಮ ಶಾಪ್‌ನಲ್ಲಿ ಪೂರ್ತಿ ಸೆಟ್ ಇಲ್ಲದಿದ್ದರೂ ಪರವಾಗಿಲ್ಲ. 5.1, 12.9, 20.2ರ ಮೂರು ಗೇಜ್ ಇಟ್ಟುಕೊಂಡು ವಾರಕ್ಕೊಮ್ಮೆ ನೋಡಿ, ರೀಡಿಂಗನ್ನು ಬರೆದಿಡಿ. ಗೇಜನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕೈಯ ಬಿಸಿಯೂ ಬೆವರೂ ಎರಡೂ ಅದಕ್ಕೆ ಶತ್ರು. ಬಳಸಿದ ಮೇಲೆ ಒರೆಸಿ ತುಕ್ಕುನಿರೋಧಕ ಎಣ್ಣೆ ಸವರಿ ಪೆಟ್ಟಿಗೆಗೆ ಸೇರಿಸಿ. ಕಡಲಿನ ಗಾಳಿಯ ಚೆನ್ನೈ, ಮಂಗಳೂರು, ಕಾರವಾರಗಳಲ್ಲಿ ಇದನ್ನು ಒಂದು ದಿನ ಮರೆತರೂ ತುಕ್ಕಿನ ಚುಕ್ಕೆ ಏಳುತ್ತದೆ.

ಪ್ರೆಷರ್ ಗೇಜ್: ಏರುವಾಗಲೂ ನೋಡಿ, ಇಳಿಯುವಾಗಲೂ ನೋಡಿ

ಗೇಜ್‌ನ ಡಯಲ್ ಮೇಲೆ ‘ಕ್ಲಾಸ್ 1.6’ ಎಂದಿದ್ದರೆ ಪೂರ್ಣ ಸ್ಕೇಲಿನ ಶೇ 1.6ರಷ್ಟು ತಪ್ಪಬಹುದು ಎಂದರ್ಥ. 10 ಬಾರ್ ಗೇಜ್‌ನಲ್ಲಿ ಅದು 0.16 ಬಾರ್. ನೀವು 8 ಬಾರ್ ಅಳೆಯುತ್ತಿದ್ದರೆ ಇದು ಶೇ 2. ಅದೇ ಗೇಜಿನಲ್ಲಿ 2 ಬಾರ್ ಅಳೆದರೆ ಶೇ 8. ಹಾಗಾಗಿ ದೊಡ್ಡ ಸ್ಕೇಲಿನ ಗೇಜ್ ಹಾಕಿ ಕೆಳತುದಿಯಲ್ಲಿ ಓದುವುದು ತಪ್ಪು ಅಭ್ಯಾಸ. ಕೆಲಸದ ಒತ್ತಡ ಸ್ಕೇಲಿನ ಮಧ್ಯಭಾಗದಲ್ಲಿ ಬರುವಂತೆ ಗೇಜ್ ಆರಿಸಿ.

ಪರೀಕ್ಷೆಗೆ ಡೆಡ್ ವೇಟ್ ಟೆಸ್ಟರ್ ಅಥವಾ ಉತ್ತಮ ಡಿಜಿಟಲ್ ಮಾಸ್ಟರ್ ಗೇಜ್ ಬೇಕು. ಒತ್ತಡ ಏರಿಸುತ್ತಾ ಐದು ಬಿಂದುಗಳಲ್ಲಿ, ಮತ್ತೆ ಇಳಿಸುತ್ತಾ ಅದೇ ಐದು ಬಿಂದುಗಳಲ್ಲಿ ರೀಡಿಂಗ್ ತೆಗೆಯಬೇಕು. ಒಳಗಿನ ಬೂರ್ಡನ್ ಕೊಳವೆ ದಣಿದಿದ್ದರೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು ತೋರಿಸುತ್ತದೆ. ಸರ್ಟಿಫಿಕೇಟ್‌ನಲ್ಲಿ ಏರಿಕೆಯ ಕಾಲಂ ಒಂದೇ ಇದ್ದರೆ ಲ್ಯಾಬ್‌ನವರನ್ನು ಕೇಳಿ. ಬಾಯ್ಲರ್‌ಗೆ, ಆಟೋಕ್ಲೇವ್‌ಗೆ ಹಾಕಿದ ಗೇಜ್ ಆದರೆ ಇದು ಜೀವದ ಪ್ರಶ್ನೆ.

ಥರ್ಮಾಮೀಟರ್: ಮಂಜುಗಡ್ಡೆ ಸಾಕು, ಕುದಿಯುವ ನೀರು ಬೇಡ

ಥರ್ಮಾಮೀಟರಿಗೆ ಮನೆಯಲ್ಲೇ ಸಿಗುವ ಅತ್ಯುತ್ತಮ ಮಾನಕ ಮಂಜುಗಡ್ಡೆ. ಶುದ್ಧ ನೀರಿನಿಂದ ಮಾಡಿದ ಐಸನ್ನು ಸಣ್ಣಗೆ ಪುಡಿಮಾಡಿ ಥರ್ಮಾಸ್‌ನಲ್ಲಿ ತುಂಬಿ, ಸಂದು ಮುಚ್ಚುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ. ಕೆಲವು ನಿಮಿಷ ಬಿಟ್ಟು ಪ್ರೋಬನ್ನು ಐಸಿನ ನಡುವೆ, ತಳ ತಾಗದಂತೆ, ಆಳವಾಗಿ ಇಳಿಸಿ. ರೀಡಿಂಗ್ 0 ಡಿಗ್ರಿಗೆ ಬಂದು ನಿಲ್ಲಬೇಕು. ಐಸ್ ಕರಗಿ ತೇಲತೊಡಗಿದರೆ ನೀರು ಬಸಿದು ಮತ್ತೆ ಐಸ್ ಸೇರಿಸಿ.

ಕುದಿಯುವ ನೀರನ್ನು 100 ಡಿಗ್ರಿ ಎಂದು ನಂಬಿ ಪರೀಕ್ಷಿಸುವವರು ಇದ್ದಾರೆ. ಕಡಲ ಮಟ್ಟದ ಕೋಡಂಬಾಕ್ಕಂನಲ್ಲಿ ಅದು ಹೆಚ್ಚುಕಡಿಮೆ ನಿಜ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಅಲ್ಲಿ ಸರಿಯಾದ ಥರ್ಮಾಮೀಟರನ್ನೇ ‘ಮೂರು ಡಿಗ್ರಿ ತಪ್ಪು’ ಎಂದು ಎಸೆದಂತಾಗುತ್ತದೆ.

ಐಸ್ ಪರೀಕ್ಷೆ ಒಂದು ಬಿಂದುವಿನದ್ದು ಮಾತ್ರ. ಫರ್ನೇಸ್‌ನಲ್ಲಿ 800 ಡಿಗ್ರಿ ಅಳೆಯುವ ಥರ್ಮೋಕಪಲ್‌ಗೆ ಆ ತಾಪಮಾನದಲ್ಲೇ ಲ್ಯಾಬ್ ಕ್ಯಾಲಿಬ್ರೇಷನ್ ಆಗಬೇಕು. ಬಿಸಿಯಲ್ಲಿ ಅದರ ಲೋಹವೇ ನಿಧಾನವಾಗಿ ಬದಲಾಗುತ್ತದೆ. ದೂರದಿಂದ ಅಳೆಯುವ ಇನ್ಫ್ರಾರೆಡ್ ಗನ್ ಬಳಸುವವರು ಎಮಿಸಿವಿಟಿ ಹೊಂದಿಸದೆ ಹೊಳೆಯುವ ಉಕ್ಕಿಗೆ ಗುರಿಯಿಟ್ಟರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

ತಕ್ಕಡಿ: ಊರು ಬದಲಾದರೆ ತೂಕವೂ ಬದಲು

ಲೋಡ್ ಸೆಲ್ ಇರುವ ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ವಸ್ತು ಕೆಳಕ್ಕೆ ಒತ್ತುವ ಬಲವನ್ನು. ಆ ಬಲ ಗುರುತ್ವವನ್ನು ಅವಲಂಬಿಸಿದೆ. ಬೆಂಗಳೂರು ಎತ್ತರದಲ್ಲಿರುವುದರಿಂದ ಅಲ್ಲಿ ಗುರುತ್ವ ಚೆನ್ನೈಗಿಂತ ಒಂದಿಷ್ಟು ಕಡಿಮೆ. ಚೆನ್ನೈನಲ್ಲಿ ಸರಿಮಾಡಿದ ತಕ್ಕಡಿಯನ್ನು ಬೆಂಗಳೂರಿಗೆ ತಂದು ಒಂದು ಕಿಲೋ ಬಟ್ಟು ಇಟ್ಟರೆ ಸುಮಾರು ಕಾಲು ಗ್ರಾಂ ಕಡಿಮೆ ತೋರಿಸುತ್ತದೆ. ತರಕಾರಿಗೆ ಇದು ಲೆಕ್ಕವೇ ಅಲ್ಲ; ಔಷಧಿ, ಬಣ್ಣ, ಚಿನ್ನದ ಕೆಲಸಕ್ಕೆ ದೊಡ್ಡ ಲೆಕ್ಕ. ಆದ್ದರಿಂದ ನಿಖರ ತಕ್ಕಡಿಯನ್ನು ಅದು ಕೆಲಸ ಮಾಡುವ ಜಾಗದಲ್ಲೇ ಕ್ಯಾಲಿಬ್ರೇಟ್ ಮಾಡಿಸಬೇಕು. ಒಳ್ಳೆಯ ಲ್ಯಾಬ್‌ಗಳು ಬಟ್ಟುಗಳ ಪೆಟ್ಟಿಗೆ ಹಿಡಿದು ನಿಮ್ಮಲ್ಲಿಗೇ ಬರುತ್ತವೆ.

ದಿನದ ಪರೀಕ್ಷೆ ಸರಳ. ತಕ್ಕಡಿಯ ಮಟ್ಟ ತೋರಿಸುವ ಗಾಳಿಗುಳ್ಳೆ ವೃತ್ತದ ನಡುವೆ ಇದೆಯೇ ನೋಡಿ. ತಕ್ಕಡಿ ಆನ್ ಮಾಡಿ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಬಿಸಿಯಾಗಲು ಬಿಡಿ. ಫ್ಯಾನ್ ಗಾಳಿ ತಾಗದಿರಲಿ. ಒಂದೇ ಬಟ್ಟನ್ನು ಹಲವು ಸಲ ಇಟ್ಟು ತೆಗೆದು ರೀಡಿಂಗ್ ಒಂದೇ ಬರುತ್ತದೆಯೇ ಪರಿಶೀಲಿಸಿ. ತಿಂಗಳಿಗೊಮ್ಮೆ, ಗರಿಷ್ಠ ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ಬಟ್ಟನ್ನು ತಟ್ಟೆಯ ನಡುವೆ ಮತ್ತು ನಾಲ್ಕು ಮೂಲೆಗಳ ಕಡೆ ಇಟ್ಟು ನೋಡಿ. ಮೂಲೆಗೊಂದು ತೂಕ ಬಂದರೆ ಲೋಡ್ ಸೆಲ್‌ಗೆ ಪೆಟ್ಟು ಬಿದ್ದಿದೆ.

20 ಡಿಗ್ರಿಯ ಒಪ್ಪಂದ

ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಡ್ರಾಯಿಂಗ್‌ನಲ್ಲಿ ಬರೆದ ಅಳತೆ ಆ ತಾಪಮಾನದ್ದು. ಮೇ ತಿಂಗಳಲ್ಲಿ 35 ಡಿಗ್ರಿ ಇರುವ ಶೆಡ್‌ನಲ್ಲಿ 100 ಮಿ.ಮೀ. ಉಕ್ಕಿನ ಜಾಬ್ ಸುಮಾರು 17 ಮೈಕ್ರಾನ್ ಹಿಗ್ಗಿರುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ಜಾಬೂ ಉಕ್ಕು, ಮೈಕ್ರೋಮೀಟರೂ ಉಕ್ಕು, ಎರಡೂ ಒಂದೇ ಬಿಸಿಯಲ್ಲಿದ್ದರೆ ಹಿಗ್ಗುವಿಕೆ ಬಹುಮಟ್ಟಿಗೆ ಪರಸ್ಪರ ವಜಾ ಆಗುತ್ತದೆ. ತೊಂದರೆ ಬರುವುದು ಲೇತ್‌ನಿಂದ ಆಗತಾನೇ ಇಳಿದ ಬಿಸಿ ಜಾಬನ್ನು ತಂಪು ಕೋಣೆಯ ಮೈಕ್ರೋಮೀಟರಿನಲ್ಲಿ ಅಳೆದಾಗ, ಅಥವಾ ಅಲ್ಯೂಮಿನಿಯಂ ಜಾಬನ್ನು ಉಕ್ಕಿನ ಸಾಧನದಲ್ಲಿ ಅಳೆದಾಗ. ಇನ್‌ಸ್ಪೆಕ್ಷನ್‌ಗೆ ಒಂದು ಎಸಿ ಕೋಣೆ, ಅದರಲ್ಲಿ ಒಂದು ಸರ್ಫೇಸ್ ಪ್ಲೇಟ್, ಜಾಬನ್ನು ಅದರ ಮೇಲೆ ಕೆಲ ಗಂಟೆ ಕೂರಿಸುವ ಅಭ್ಯಾಸ ಇವಿಷ್ಟರಿಂದ ಎಷ್ಟೋ ಜಗಳಗಳು ತಪ್ಪುತ್ತವೆ.

ಲ್ಯಾಬ್ ಆರಿಸುವುದು ಹೇಗೆ?

ಕ್ಯಾಲಿಬ್ರೇಷನ್ ಲ್ಯಾಬ್‌ಗಳ ಸಾಮರ್ಥ್ಯಕ್ಕೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025. ಭಾರತದಲ್ಲಿ ಅದರಂತೆ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ‘ನಮ್ಮದು ಎನ್‌ಎಬಿಎಲ್ ಲ್ಯಾಬ್’ ಎಂಬ ಮಾತಿಗೆ ತೃಪ್ತಿಪಡಬೇಡಿ. ಮಾನ್ಯತೆ ಇಡೀ ಲ್ಯಾಬ್‌ಗೆ ಸಿಗುವುದಿಲ್ಲ. ಯಾವ ಉಪಕರಣ, ಯಾವ ವ್ಯಾಪ್ತಿ, ಎಷ್ಟು ಅನಿಶ್ಚಿತತೆ ಎಂದು ಪಟ್ಟಿ ಮಾಡಿದ ‘ಸ್ಕೋಪ್’ಗೆ ಮಾತ್ರ ಸಿಗುತ್ತದೆ. ಆ ಸ್ಕೋಪ್ ಎನ್‌ಎಬಿಎಲ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಉಪಕರಣ ಅದರಲ್ಲಿದೆಯೇ, ಅವರ ಅನಿಶ್ಚಿತತೆ ನಿಮ್ಮ ಉಪಕರಣಕ್ಕೆ ಒಪ್ಪಿದ ದೋಷದ ಮಿತಿಯ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಯೇ ಎಂದು ನೋಡಿ ಆಮೇಲೆ ದರ ಕೇಳಿ.

ಖಾಸಗಿ ಲ್ಯಾಬ್‌ಗಳು ಎಲ್ಲ ಕೈಗಾರಿಕಾ ಊರುಗಳಲ್ಲೂ ಇವೆ. ಸರ್ಕಾರಿ ವ್ಯವಸ್ಥೆಯೂ ಹತ್ತಿರದಲ್ಲೇ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕೋಡಂಬಾಕ್ಕಂನಲ್ಲಿ ಲೋಕಲ್ ರೈಲು ಹತ್ತಿದರೆ ಮಾಂಬಲಂ, ಸೈದಾಪೇಟೆ ದಾಟಿ ಮೂರನೇ ಸ್ಟೇಷನ್ ಗಿಂಡಿ. ಕೇಂದ್ರ ಸರ್ಕಾರದ ಎಂಎಸ್‌ಎಂಇ ಟೆಸ್ಟಿಂಗ್ ಸೆಂಟರ್ ಅಲ್ಲಿನ ಜಿಎಸ್‌ಟಿ ರಸ್ತೆಯಲ್ಲಿದೆ. ತಿರುವಾನ್ಮಿಯೂರಿನಲ್ಲಿ ವಿದ್ಯುನ್ಮಾನ ಉಪಕರಣಗಳಿಗೆ ಇಟಿಡಿಸಿ ಇದೆ. ಬೆಂಗಳೂರಿನವರಿಗೆ ಪೀಣ್ಯದಲ್ಲಿ ಅದರದೇ ಇನ್ನೊಂದು ಕೇಂದ್ರ, ಉದ್ದ ಮತ್ತು ಆಕಾರದ ಅಳತೆಗಳಿಗೆ ತುಮಕೂರು ರಸ್ತೆಯ ಸಿಎಂಟಿಐ, ವಿದ್ಯುತ್ ಮೀಟರುಗಳಿಗೆ ಸಿಪಿಆರ್‌ಐ, ತೂಕದ ಮಾನಕಗಳಿಗೆ ಜಕ್ಕೂರಿನ ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯ ಇವೆ. ದ್ರವ, ಅನಿಲಗಳ ಹರಿವಿನ ಮೀಟರುಗಳಿಗೆ ಪಾಲಕ್ಕಾಡಿನ ಎಫ್‌ಸಿಆರ್‌ಐ ದೇಶಕ್ಕೇ ಹೆಸರಾದ ಸಂಸ್ಥೆ.

ಸರ್ಟಿಫಿಕೇಟ್ ಓದುವ ಬಗೆ

ಇಲ್ಲಿಯೇ ನಮ್ಮವರು ಸೋಲುವುದು. ಸರ್ಟಿಫಿಕೇಟ್ ಬಂದ ಕೂಡಲೇ ದಿನಾಂಕ ನೋಡಿ ಫೈಲ್ ಮಾಡುತ್ತಾರೆ. ಅದರ ಒಳಗಿನ ಕೋಷ್ಟಕ ಓದಬೇಕು.

ಒಂದು ಉದಾಹರಣೆ. ಶಾಫ್ಟ್‌ನ ಅಳತೆ 20.000 ಮಿ.ಮೀ., ಟಾಲರೆನ್ಸ್ ±0.010. ನಿಮ್ಮ ಮೈಕ್ರೋಮೀಟರ್ 20.008 ತೋರಿಸುತ್ತಿದೆ. ಮಿತಿ 20.010, ಆದ್ದರಿಂದ ಪಾಸ್ ಎಂದುಕೊಳ್ಳುತ್ತೀರಿ. ಸರ್ಟಿಫಿಕೇಟ್‌ನಲ್ಲಿ 20.2 ಮಿ.ಮೀ. ಸಾಲು ನೋಡಿ: ದೋಷ -0.004 ಎಂದಿದೆ. ಅಂದರೆ ಉಪಕರಣ ನಿಜಕ್ಕಿಂತ 4 ಮೈಕ್ರಾನ್ ಕಡಿಮೆ ತೋರಿಸುತ್ತಿದೆ. ಶಾಫ್ಟ್‌ನ ನಿಜ ಅಳತೆ 20.012. ಜಾಬ್ ಫೇಲ್. ಅದನ್ನು ಲಾರಿಗೆ ಹಾಕಿ ಕಳಿಸಿದ್ದರೆ ಗ್ರಾಹಕರ ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಬೀಳುತ್ತಿತ್ತು, ಅಥವಾ ಅದಕ್ಕಿಂತ ಕೆಟ್ಟದಾಗಿ, ಸಿಕ್ಕಿಬೀಳದೆ ಯಂತ್ರಕ್ಕೆ ಕೂತುಬಿಡುತ್ತಿತ್ತು.

ಅದರ ಪಕ್ಕದಲ್ಲಿ ‘ಅನಿಶ್ಚಿತತೆ ±0.002 ಮಿ.ಮೀ., ಕೆ=2, ಶೇ 95’ ಎಂದಿರುತ್ತದೆ. ಲ್ಯಾಬ್ ಹೇಳಿದ ದೋಷದ ಅಂಕಿಯೂ ಎರಡು ಮೈಕ್ರಾನ್ ಅತ್ತಿತ್ತ ಇರಬಹುದು, ಈ ಮಾತಿನ ಮೇಲೆ ಶೇ 95ರಷ್ಟು ಭರವಸೆ ಇಡಬಹುದು ಎಂದರ್ಥ. ಎಚ್ಚರದ ಶಾಪ್‌ನವರು ದೋಷವನ್ನು ಸರಿತೂಗಿಸಿದ ಮೇಲೆ, ಟಾಲರೆನ್ಸ್‌ನ ಎರಡೂ ತುದಿಯಿಂದ ಕನಿಷ್ಠ ಅಷ್ಟನ್ನು ಒಳಗೆ ಎಳೆದುಕೊಂಡು 19.992ರಿಂದ 20.008ರವರೆಗೆ ಮಾತ್ರ ಪಾಸ್ ಮಾಡುತ್ತಾರೆ. ಶಾಪ್‌ನಲ್ಲಿ ಅಳೆಯುವವರ ಕೈ, ತಾಪಮಾನ ಇವುಗಳ ಪಾಲೂ ಸೇರುವುದರಿಂದ ಮುಖ್ಯ ಜಾಬ್‌ಗಳಿಗೆ ಇನ್ನೂ ಸ್ವಲ್ಪ ಒಳಗಿರುವುದು ಒಳ್ಳೆಯದು.

ಇಷ್ಟನ್ನು ಪ್ರತಿ ಸರ್ಟಿಫಿಕೇಟ್‌ನಲ್ಲೂ ನೋಡಿ: ಗುರುತಿನ ಸಂಖ್ಯೆ ನಿಮ್ಮ ಉಪಕರಣದ್ದೇ ಹೌದೇ? ಎನ್‌ಎಬಿಎಲ್ ಲಾಂಛನ ಮತ್ತು ಯುಎಲ್‌ಆರ್ ಸಂಖ್ಯೆ ಇದೆಯೇ? ಕ್ಯಾಲಿಬ್ರೇಷನ್ ನಡೆದಾಗಿನ ತಾಪಮಾನ ಬರೆದಿದ್ದಾರೆಯೇ? ಯಾವ ಮಾನಕದಿಂದ ಹೋಲಿಸಿದರು, ಅದರ ಸಿಂಧುತ್ವ ಮುಗಿದಿಲ್ಲವೇ? ನೀವು ಬಳಸುವ ವ್ಯಾಪ್ತಿಯ ಬಿಂದುಗಳೆಲ್ಲ ಸೇರಿವೆಯೇ? ಬರೀ ‘ಓಕೆ’ ಎಂದು ಸೀಲ್ ಹಾಕಿ, ಅಂಕಿಗಳನ್ನೇ ಕೊಡದ ಕಾಗದವನ್ನು ವಾಪಸ್ ಕಳಿಸಿ.

ಎಷ್ಟು ದಿನಕ್ಕೊಮ್ಮೆ?

‘ವರ್ಷಕ್ಕೊಮ್ಮೆ’ ಎಂಬುದು ರೂಢಿ, ನಿಯಮವಲ್ಲ. ನೀವು ಕೇಳಿ ಒಪ್ಪಿಕೊಳ್ಳದ ಹೊರತು ಲ್ಯಾಬ್ ತನ್ನ ಸರ್ಟಿಫಿಕೇಟ್‌ನಲ್ಲಿ ಮುಂದಿನ ದಿನಾಂಕ ಸೂಚಿಸಬಾರದು ಎಂದು 17025 ಮಾನಕವೇ ಹೇಳುತ್ತದೆ. ಅವಧಿ ನಿರ್ಧರಿಸುವ ಹೊಣೆ ಬಳಕೆದಾರರದು, ಏಕೆಂದರೆ ಉಪಕರಣ ಎಷ್ಟು ಬಳಕೆಯಾಗುತ್ತದೆ, ಎಂಥ ಧೂಳಿನಲ್ಲಿದೆ, ಎಷ್ಟು ಸಲ ಕೆಳಗೆ ಬಿದ್ದಿದೆ ಎಂಬುದು ಅವರಿಗೇ ಗೊತ್ತು.

ಮೊದಲು ಒಂದು ವರ್ಷ ಇಟ್ಟುಕೊಳ್ಳಿ. ಸತತ ಮೂರು ಸಲ ಬಂದ ಸ್ಥಿತಿಯ ರೀಡಿಂಗ್ ಮಿತಿಯೊಳಗೇ ಇದ್ದರೆ ಅವಧಿ ಹಿಗ್ಗಿಸಬಹುದು. ಒಂದು ಸಲ ಮಿತಿ ದಾಟಿದರೂ ಅರ್ಧಕ್ಕೆ ಇಳಿಸಿ. ಮೂರು ಶಿಫ್ಟ್ ಓಡುವ ಗೋ-ನೋಗೋ ಗೇಜ್ ಮೂರು ತಿಂಗಳಲ್ಲೇ ಸವೆಯಬಹುದು. ಕಪಾಟಿನಲ್ಲಿರುವ ಮಾಸ್ಟರ್ ಸೆಟ್‌ಗೆ ಹೆಚ್ಚು ಅವಧಿ ಕೊಡಬಹುದು. ಕೆಲವಕ್ಕೆ ಮಾನಕಗಳೇ ಲೆಕ್ಕ ಕೊಟ್ಟಿವೆ: ಟಾರ್ಕ್ ರೆಂಚ್‌ಗೆ 5,000 ಸಲ ಬಳಕೆ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಕೆಳಗೆ ಬಿದ್ದ ಉಪಕರಣಕ್ಕೆ ಯಾವ ದಿನಾಂಕವೂ ಅನ್ವಯಿಸದು. ಮತ್ತೆ ಪರೀಕ್ಷಿಸುವವರೆಗೆ ಅದು ಬಳಕೆಗೆ ಇಲ್ಲ.

ಎರಡು ಕ್ಯಾಲಿಬ್ರೇಷನ್ ನಡುವಿನ ಅವಧಿಯಲ್ಲಿ ಫಿಲ್ಮ್ ಲ್ಯಾಬ್‌ನ ಕಂಟ್ರೋಲ್ ಸ್ಟ್ರಿಪ್ ವಿಧಾನವನ್ನೇ ಹಿಡಿಯಿರಿ. ಒಂದು ಗೊತ್ತಾದ ವಸ್ತು, ಅದು ಸ್ಲಿಪ್ ಗೇಜ್ ಆಗಲಿ, ಬಟ್ಟು ಆಗಲಿ, ಐಸ್ ಆಗಲಿ, ಅದರ ರೀಡಿಂಗನ್ನು ದಿನಾಂಕದೊಂದಿಗೆ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೇಲೆ-ಕೆಳಗೆ ಎರಡು ಕೆಂಪು ಗೆರೆ ಎಳೆಯಿರಿ. ಚುಕ್ಕೆಗಳು ಗೆರೆ ದಾಟುವುದನ್ನೇ ಕಾಯಬೇಡಿ. ಏಳೆಂಟು ಚುಕ್ಕೆ ಒಂದೇ ದಿಕ್ಕಿಗೆ ಸರಿಯತೊಡಗಿದರೆ ಉಪಕರಣ ಜಾರುತ್ತಿದೆ ಎಂದು ಆಗಲೇ ತಿಳಿಯುತ್ತದೆ.

ಫೇಲ್ ಆಯಿತು, ಮುಂದೇನು?

ಉಪಕರಣ ಮಿತಿ ದಾಟಿದೆ ಎಂದು ಸರ್ಟಿಫಿಕೇಟ್ ಹೇಳಿದರೆ ಅದನ್ನು ಬದಲಿಸುವುದು ಅರ್ಧ ಕೆಲಸ. ಅದರಿಂದ ಅಳೆದು ಈಗಾಗಲೇ ಕಳಿಸಿದ ಮಾಲಿನ ಗತಿ ಏನು? ಐಎಸ್‌ಒ 9001 ಕೂಡ ಈ ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳುತ್ತದೆ. ಹಿಂದಿನ ಸರಿಯಾದ ಪರೀಕ್ಷೆಯ ದಿನಾಂಕದಿಂದ ಇವತ್ತಿನವರೆಗಿನ ಬ್ಯಾಚ್‌ಗಳನ್ನು ಹುಡುಕಬೇಕು, ಉಳಿದ ಸ್ಟಾಕ್ ಮತ್ತೆ ಅಳೆಯಬೇಕು, ಅಗತ್ಯವಿದ್ದರೆ ಗ್ರಾಹಕರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ವಾರದ ಪರೀಕ್ಷೆಯ ಗ್ರಾಫ್ ಇದ್ದವರಿಗೆ ಒಂದು ವಾರದ ಮಾಲು ಹುಡುಕಿದರೆ ಸಾಕು. ಇಲ್ಲದವರಿಗೆ ಇಡೀ ವರ್ಷದ್ದು. ವಾರದ ಪರೀಕ್ಷೆಗೆ ಕೊಟ್ಟ ಸಮಯ ಉಳಿತಾಯವಾಗಿ ಹಿಂದಿರುಗುವುದು ಇಲ್ಲಿ.

ಡಿಜಿಟಲ್ ಕಾಲಕ್ಕೂ ಇದೇ ಶಿಸ್ತು

ಕೋಡಂಬಾಕ್ಕಂ ಸುತ್ತಿನ ಚಿತ್ರೋದ್ಯಮ ಈಗ ಡಿಜಿಟಲ್. ಡೆವಲಪರ್ ತೊಟ್ಟಿಗಳ ಕೆಲಸವನ್ನು ಕಲರ್ ಗ್ರೇಡಿಂಗ್ ಕೋಣೆಗಳು ವಹಿಸಿಕೊಂಡಿವೆ. ಮಾಪನದ ಶಿಸ್ತು ಮಾತ್ರ ಹಾಗೇ ಉಳಿದಿದೆ. ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಷನ್‌ಗೆ ಪರದೆಯ ಬಿಳಿಯ ಹೊಳಪು 48 ಕ್ಯಾಂಡೆಲಾ ಪ್ರತಿ ಚದರ ಮೀಟರಿಗೆ ಎಂದು ನಿಗದಿಯಾಗಿದೆ. ಮಿಕ್ಸಿಂಗ್ ಥಿಯೇಟರಿನಲ್ಲಿ ಪರದೆಯ ಹಿಂದಿನ ಪ್ರತಿ ಸ್ಪೀಕರ್ ಚಾನೆಲ್ 85 ಡೆಸಿಬೆಲ್‌ಗೆ ಹೊಂದಿಸಿರಬೇಕು. ಅದನ್ನು ಅಳೆಯುವ ಸೌಂಡ್ ಲೆವೆಲ್ ಮೀಟರನ್ನು ಮೊದಲು 1 ಕಿಲೋಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಶಬ್ದ ಹೊರಡಿಸುವ ಪುಟ್ಟ ಕ್ಯಾಲಿಬ್ರೇಟರ್‌ಗೆ ಜೋಡಿಸಿ ಪರೀಕ್ಷಿಸುತ್ತಾರೆ. ಚೆನ್ನೈನಲ್ಲಿ ಮಿಕ್ಸ್ ಮಾಡಿದ ಚಿತ್ರದ ಮಾತು ದಾವಣಗೆರೆಯ ಚಿತ್ರಮಂದಿರದಲ್ಲಿ ಸಂಗೀತದಡಿ ಮುಳುಗದೆ ಕೇಳಬೇಕಾದರೆ ಎರಡೂ ಕಡೆಯ ಡೆಸಿಬೆಲ್ ಒಂದೇ ಆಗಿರಬೇಕು.

ಕೈಗಾರಿಕೆಯಲ್ಲೂ ಇದೇ ಮಾತು. ಹೊಸೂರಿನಲ್ಲಿ ಮಾಡಿದ ಶಾಫ್ಟ್, ಬೆಳಗಾವಿಯಲ್ಲಿ ಎರಕ ಹೊಯ್ದ ಹೌಸಿಂಗ್, ಪೀಣ್ಯದಲ್ಲಿ ಕೊರೆದ ಬುಷ್ ಒಂದೇ ಯಂತ್ರದಲ್ಲಿ ಕೂಡಬೇಕು. ಇವನ್ನು ಮಾಡಿದವರು ಒಬ್ಬರನ್ನೊಬ್ಬರು ನೋಡಿಲ್ಲ. ಅವರ ನಡುವೆ ಇರುವ ನಂಬಿಕೆ ಎಂದರೆ ಮೂವರ ಮೈಕ್ರಾನೂ ಒಂದೇ ಎಂಬುದು.

ಶುರು ಮಾಡಲು ದೊಡ್ಡ ಬಂಡವಾಳ ಬೇಡ. ಈ ವಾರ ರಿಜಿಸ್ಟರ್ ಮಾಡಿ. ಮುಂದಿನ ವಾರ ಇರುವ ಸರ್ಟಿಫಿಕೇಟ್‌ಗಳನ್ನು ಹೊರತೆಗೆದು ದೋಷದ ಕಾಲಂ ಓದಿ, ಪ್ರತಿ ಉಪಕರಣದ ಪೆಟ್ಟಿಗೆಗೆ ಅದರ ತಿದ್ದುಪಡಿ ಅಂಕಿ ಬರೆದ ಚೀಟಿ ಅಂಟಿಸಿ. ಮೂರನೇ ವಾರ ಒಂದು ಗ್ರಾಫ್ ಹಾಳೆ ಗೋಡೆಗೆ ಹಚ್ಚಿ, ಅದರಲ್ಲಿ ಚುಕ್ಕೆ ಇಡುವ ಹೊಣೆಯನ್ನು ಉಪಕರಣ ದಿನವೂ ಹಿಡಿಯುವ ಕೆಲಸಗಾರರಿಗೇ ಕೊಡಿ. ತಮ್ಮ ಸಾಧನ ಎಷ್ಟು ತಪ್ಪುತ್ತದೆಂದು ಅವರಿಗೆ ಗೊತ್ತಿದ್ದರೆ ಸಂಶಯ ಬಂದ ಕ್ಷಣವೇ ಯಂತ್ರ ನಿಲ್ಲಿಸುವ ಧೈರ್ಯವೂ ಅವರಿಗೆ ಬರುತ್ತದೆ. ಆ ಧೈರ್ಯಕ್ಕೆ ಮಾಲೀಕರು ಬೆನ್ನು ತಟ್ಟಬೇಕು. ತಪ್ಪೇ ಇಲ್ಲದ ಮಾಪಕ ಜಗತ್ತಿನಲ್ಲಿ ಎಲ್ಲೂ ಇಲ್ಲ. ತನ್ನ ತಪ್ಪು ಎಷ್ಟೆಂದು ದಾಖಲೆಯಲ್ಲಿರುವ ಮಾಪಕವನ್ನು ಮಾತ್ರ ನಂಬಿ ಮಾಲು ಕಳಿಸಬಹುದು.